ಹೈಬ್ರಿಡ್ ಮುದ್ರಣ: ಪ್ಲೇಟು ಮತ್ತು ಇಂಕ್‌ಜೆಟ್ ಒಂದೇ ಯಂತ್ರದಲ್ಲಿ

ಆಫ್‌ಸೆಟ್, ಫ್ಲೆಕ್ಸೋ ಮುಂತಾದ ಅನಲಾಗ್ ವಿಧಾನಗಳಿಗೆ ಪ್ಲೇಟು ಬೇಕು. ಒಮ್ಮೆ ಪ್ಲೇಟು ಸಿದ್ಧವಾದರೆ ಲಕ್ಷ ಪ್ರತಿಗಳೂ ಅಗ್ಗ, ಆದರೆ ಎಲ್ಲವೂ ಒಂದೇ ತೆರ. ಇಂಕ್‌ಜೆಟ್‌ಗೆ ಪ್ಲೇಟು ಬೇಡ; ಪ್ರತಿಯೊಂದು ಪ್ರತಿಯಲ್ಲೂ ಬೇರೆ ಸಂಖ್ಯೆ, ಬೇರೆ ಹೆಸರು ಮುದ್ರಿಸಬಹುದು. ಈ ಎರಡನ್ನೂ ಒಂದೇ ಸಾಲಿನಲ್ಲಿ ಜೋಡಿಸಿದ ಯಂತ್ರವೇ ಹೈಬ್ರಿಡ್.

ಲೇಬಲ್ ಮುದ್ರಣದಲ್ಲಿ ಇದರ ಕೆಲಸ ಚೆನ್ನಾಗಿ ಕಾಣುತ್ತದೆ. ರೋಲು ಬಿಚ್ಚಿಕೊಳ್ಳುತ್ತಾ ಮೊದಲು ಫ್ಲೆಕ್ಸೋ ಘಟಕದಲ್ಲಿ ಬಿಳಿ ತಳಬಣ್ಣ ಪಡೆಯುತ್ತದೆ. ಮುಂದೆ ಇಂಕ್‌ಜೆಟ್ ಹೆಡ್‌ಗಳು ಕೆಲವೇ ಪಿಕೋಲೀಟರ್ ಗಾತ್ರದ ಹನಿಗಳನ್ನು ಸಿಡಿಸುತ್ತವೆ, ಯುವಿ ದೀಪ ಶಾಯಿಯನ್ನು ಕ್ಷಣದಲ್ಲಿ ಗಟ್ಟಿಯಾಗಿಸುತ್ತದೆ. ಕೊನೆಗೆ ವಾರ್ನಿಷ್, ಕತ್ತರಿಸುವಿಕೆ. ನಿಜವಾದ ಕಷ್ಟ ಇರುವುದು ಎರಡೂ ಮುದ್ರಣಗಳನ್ನು ಕೂದಲೆಳೆಯಷ್ಟೂ ಸರಿಯದಂತೆ ಕೂಡಿಸುವುದರಲ್ಲಿ. ಎನ್‌ಕೋಡರ್ ರೋಲಿನ ವೇಗ ಅಳೆದು ಹೆಡ್‌ಗಳಿಗೆ ಸಂಕೇತ ಕಳಿಸುತ್ತಿರುತ್ತದೆ. ಈ ತಂತ್ರಜ್ಞಾನದ ಜಾಣತನವೆಲ್ಲ ಇಲ್ಲೇ ಎಂದರೂ ತಪ್ಪಿಲ್ಲ.

ಭಾರತದಲ್ಲಿ 2023ರ ಆಗಸ್ಟ್ 1ರಿಂದ 300 ಪ್ರಮುಖ ಔಷಧಿ ಬ್ರ್ಯಾಂಡ್‌ಗಳಿಗೆ ಬಾರ್‌ಕೋಡ್ ಅಥವಾ ಕ್ಯೂಆರ್ ಕೋಡ್ ಕಡ್ಡಾಯ. ಕೋಡ್‌ನಲ್ಲಿ ಬ್ಯಾಚ್ ಸಂಖ್ಯೆಯೂ ಇರಬೇಕಾದ್ದರಿಂದ ಅದು ಬ್ಯಾಚಿಗೊಮ್ಮೆ ಬದಲಾಗುತ್ತದೆ. ಇಂಥ ಕಡೆ ಇಂಕ್‌ಜೆಟ್ ಸಲೀಸು.

ನೆನಪಿಡಿ: ಆಫ್‌ಸೆಟ್‌ಗೆ ಮೂಲವಾದ ಲಿಥೋಗ್ರಫಿಯ ಜನಕ ಅಲೋಯ್ಸ್ ಸೆನೆಫೆಲ್ಡರ್. ಆಫ್‌ಸೆಟ್‌ನಲ್ಲಿ ಪ್ಲೇಟು ಕಾಗದವನ್ನು ಮುಟ್ಟುವುದಿಲ್ಲ, ಚಿತ್ರ ರಬ್ಬರ್ ಬ್ಲಾಂಕೆಟ್ ಮೂಲಕ ಇಳಿಯುತ್ತದೆ. ಅನೇಕರು ತಪ್ಪುವುದು ಇಲ್ಲೇ. ಕೈಗಾರಿಕಾ ಇಂಕ್‌ಜೆಟ್ ಹೆಡ್‌ಗಳಲ್ಲಿ ಹೆಚ್ಚಾಗಿ ಬಳಕೆಯಾಗುವ ಪೀಜೋ ಪರಿಣಾಮವನ್ನು 1880ರಲ್ಲಿ ಕಂಡುಹಿಡಿದವರು ಕ್ಯೂರಿ ಸಹೋದರರಾದ ಜಾಕ್ ಮತ್ತು ಪಿಯರ್.