ವಿದ್ಯುಜ್ಜಾಲದ ಪ್ರತಿರೂಪ ಪ್ರಯೋಗಶಾಲೆ

1902ರಲ್ಲಿ ಶಿವನಸಮುದ್ರದ ಜಲಪಾತದಿಂದ ಉತ್ಪನ್ನವಾದ ವಿದ್ಯುಚ್ಛಕ್ತಿಯು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳನ್ನು ತಲುಪಿದುದು ಮೈಸೂರು ಸಂಸ್ಥಾನದ ಇತಿಹಾಸದಲ್ಲಿ ಚಿರಸ್ಮರಣೀಯವಾದ ಘಟನೆ. 1905ರಲ್ಲಿ ಬೆಂಗಳೂರಿನಲ್ಲಿಯೂ 1908ರಲ್ಲಿ ಮೈಸೂರಿನಲ್ಲಿಯೂ ವಿದ್ಯುದ್ದೀಪಗಳು ಬೆಳಗಿದವು. ಅಂದಿನಿಂದ ಸುಮಾರು ಒಂದು ಶತಮಾನ ಕಾಲ ವಿದ್ಯುಜ್ಜಾಲವು ಒಂದೇ ತತ್ತ್ವವನ್ನು ಅನುಸರಿಸಿ ಬೆಳೆಯಿತು: ಉತ್ಪಾದನೆ ಒಂದೆಡೆ, ಬಳಕೆ ಇನ್ನೊಂದೆಡೆ. ಅಣೆಕಟ್ಟೆಯ ನೀರು ನಾಲೆಗೂ ನಾಲೆಯ ನೀರು ಗದ್ದೆಗೂ ಹರಿಯುವಂತೆ, ವಿದ್ಯುಚ್ಛಕ್ತಿಯೂ ಒಂದೇ ದಿಕ್ಕಿನಲ್ಲಿ ಹರಿಯುತ್ತಿದ್ದಿತು.

ಈಗ ಈ ಚಿತ್ರ ಬದಲಾಗಿದೆ. ಮನೆಗಳ ಮಾಳಿಗೆಯ ಮೇಲೆ ಸೌರಫಲಕಗಳು ನೆಲೆಗೊಂಡಿವೆ. ಮನೆಯ ಬಳಕೆಗೆ ಮಿಕ್ಕ ವಿದ್ಯುತ್ತು ಬೀದಿಯ ತಂತಿಗೆ ಮರಳುತ್ತದೆ. ಗದ್ದೆಯೇ ನಾಲೆಗೆ ನೀರುಣಿಸಿದಂತೆ. ಇದನ್ನು ವಿಕೇಂದ್ರಿತ ಉತ್ಪಾದನೆ ಎನ್ನುತ್ತಾರೆ. ಇದರಿಂದ ಲಾಭವುಂಟು, ಆದರೆ ಹೊಸ ಪ್ರಶ್ನೆಗಳೂ ಉಂಟು.

ಮೊದಲನೆಯದು ವೋಲ್ಟೇಜಿನ ಪ್ರಶ್ನೆ. ಟ್ರಾನ್ಸ್‌ಫಾರ್ಮರಿನ ಬಳಿ 240 ವೋಲ್ಟ್ ಇರುವ ಒಂದು ಬೀದಿಯನ್ನು ಊಹಿಸಬಹುದು. ಬೀದಿಯ ಕೊನೆಯ ಮನೆಯವರೆಗೆ ಹೋಗಿಬರುವ ತಂತಿಯ ರೋಧ 0.3 ಓಮ್ ಎಂದಿರಲಿ. ಆ ಮನೆಯಿಂದ 5 ಕಿಲೋವಾಟ್ ಹಿಂದಕ್ಕೆ ಹರಿದರೆ ಪ್ರವಾಹವು ಸುಮಾರು 20 ಆಂಪಿಯರ್. ತಂತಿಯಲ್ಲಿ ವ್ಯತ್ಯಾಸ 6 ವೋಲ್ಟ್. ಹಿಂದೆ ಬೀದಿಯ ಕೊನೆಯಲ್ಲಿ ಇಳಿಯುತ್ತಿದ್ದ ವೋಲ್ಟೇಜು ಈಗ 246ಕ್ಕೆ ಏರುತ್ತದೆ. 230 ವೋಲ್ಟಿಗೆ ಶೇಕಡಾ 6ರ ಮಿತಿಯನ್ನು ಇಟ್ಟುಕೊಂಡರೆ ಇದು ಮಿತಿಮೀರಿದ ಸ್ಥಿತಿಯೇ ಸರಿ.

ಎರಡನೆಯ ಪ್ರಶ್ನೆ ಪ್ರಾಣಕ್ಕೆ ಸಂಬಂಧಿಸಿದುದು. ದುರಸ್ತಿಗಾಗಿ ಉಪಕೇಂದ್ರದಲ್ಲಿ ಸರಬರಾಜನ್ನು ನಿಲ್ಲಿಸಿ ಲೈನ್‌ಮನ್ ಕಂಬವನ್ನೇರುತ್ತಾನೆ. ಆಗ ಮಾಳಿಗೆಯ ಸೌರಘಟಕವು ಬೀದಿಗೆ ವಿದ್ಯುತ್ತನ್ನು ಉಣಿಸುತ್ತಲೇ ಇದ್ದರೆ ಆ ತಂತಿ ಜೀವಂತವಾಗಿಯೇ ಉಳಿಯುತ್ತದೆ. ಇದಕ್ಕೆ ದ್ವೀಪಸ್ಥಿತಿಯೆಂದು ಹೆಸರು. ಇಂಥ ಸ್ಥಿತಿ ಒದಗಿದ 2 ಸೆಕೆಂಡುಗಳೊಳಗೆ ಘಟಕವು ಜಾಲದಿಂದ ಕಳಚಿಕೊಳ್ಳಬೇಕೆಂದು ಕೇಂದ್ರ ವಿದ್ಯುತ್ ಪ್ರಾಧಿಕಾರದ 2013ರ ನಿಯಮಗಳು ವಿಧಿಸುತ್ತವೆ. ಇನ್ವರ್ಟರು ವೋಲ್ಟೇಜು ಮತ್ತು ಆವೃತ್ತಿಗಳ ಏರಿಳಿತದಿಂದ ಈ ಸ್ಥಿತಿಯನ್ನು ಗುರುತಿಸುತ್ತದೆ. ಆದರೆ ಬೀದಿಯ ಉತ್ಪಾದನೆಯೂ ಬಳಕೆಯೂ ಆ ಕ್ಷಣದಲ್ಲಿ ಸರಿಸಮವಾಗಿದ್ದರೆ ಏರಿಳಿತವೇ ಕಾಣದು. ಸಮತೋಲವೇ ಇಲ್ಲಿ ಅಪಾಯದ ನೆಲೆ.

ಇಂಥ ಪರೀಕ್ಷೆಯನ್ನು ಜನವಸತಿಯ ಬೀದಿಯಲ್ಲಿ ನಡೆಸಲಾಗದು. ಆದುದರಿಂದಲೇ ಪ್ರತಿರೂಪ ಪ್ರಯೋಗಶಾಲೆ ಅವಶ್ಯಕ. ಅದರ ರಚನೆಯಲ್ಲಿ ಮೂರು ಹಂತಗಳನ್ನು ಗುರುತಿಸಬಹುದು.

ಮೊದಲ ಹಂತದಲ್ಲಿ ಬೀದಿಯ ತಂತಿ, ಟ್ರಾನ್ಸ್‌ಫಾರ್ಮರ್, ಮನೆಗಳ ಬಳಕೆಗಳನ್ನು ಗಣಕಯಂತ್ರದಲ್ಲಿ ಗಣಿತರೂಪದಲ್ಲಿ ರಚಿಸಬೇಕು. ಇಲ್ಲಿ ಉತ್ತರ ನಿಧಾನವಾಗಿ ಬಂದರೂ ಬಾಧಕವಿಲ್ಲ. ಎರಡನೆಯ ಹಂತದಲ್ಲಿ ಗಣಕವು ನಿಜವಾದ ಕಾಲದೊಡನೆ ಹೆಜ್ಜೆಯಿಡಬೇಕು. ಸೆಕೆಂಡಿಗೆ 50 ಆವರ್ತಗಳಿರುವಲ್ಲಿ ಒಂದು ಆವರ್ತಕ್ಕೆ 20 ಮಿಲಿಸೆಕೆಂಡು. 50 ಮೈಕ್ರೋಸೆಕೆಂಡಿಗೊಮ್ಮೆ ಲೆಕ್ಕ ಮುಗಿದರೆ ಒಂದು ಆವರ್ತದಲ್ಲಿ 400 ಲೆಕ್ಕಗಳಾಗುತ್ತವೆ. ಮೂರನೆಯ ಹಂತದಲ್ಲಿ ನಿಜವಾದ ರಿಲೇ ಮತ್ತು ಇನ್ವರ್ಟರುಗಳನ್ನು ಈ ಗಣಕಕ್ಕೆ ಜೋಡಿಸಲಾಗುತ್ತದೆ. ನಡುವೆ ಇರುವ ವರ್ಧಕವು ಗಣಕದ ಅಂಕಿಗಳನ್ನು ನಿಜವಾದ ವೋಲ್ಟೇಜಾಗಿ ಮಾರ್ಪಡಿಸುತ್ತದೆ. ಹೀಗೆ ಇನ್ವರ್ಟರು ತಾನು ಬೀದಿಯಲ್ಲಿಯೇ ಇರುವೆನೆಂಬಂತೆ ವರ್ತಿಸುತ್ತದೆ. ಹೊಂದಿಸಬಹುದಾದ ರೋಧ, ಪ್ರೇರಕ ಮತ್ತು ಧಾರಕಗಳಿಂದ ಬಳಕೆಯನ್ನು ಉತ್ಪಾದನೆಗೆ ಸರಿದೂಗಿಸಿ, ಅತ್ಯಂತ ಕಠಿನವಾದ ಕ್ಷಣವನ್ನು ಬೇಕೆಂದೇ ಉಂಟುಮಾಡಿ, ಇನ್ವರ್ಟರು ಎಷ್ಟು ಹೊತ್ತಿಗೆ ಕಳಚಿಕೊಳ್ಳುವುದೆಂದು ಅಳೆಯಬಹುದು.

ಬೆಂಗಳೂರಿನಲ್ಲಿ 1960ರಲ್ಲಿ ಸ್ಥಾಪಿತವಾದ ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆಯು ನೈಜಕಾಲದ ಪ್ರತಿರೂಪಯಂತ್ರವನ್ನು ಹೊಂದಿದೆ. ಅಂತಹ ಯಂತ್ರ ದುಬಾರಿಯಾದುದು. ಆದರೆ ವಿದ್ಯಾಸಂಸ್ಥೆಯೊಂದು ಮೊದಲ ಹಂತವನ್ನು ಕೆಲವೇ ಗಣಕಗಳಿಂದ ಆರಂಭಿಸಬಹುದು. ಒಂದು ಇನ್ವರ್ಟರು, ಸೂರ್ಯನ ಬದಲಿಗೆ ಹೊಂದಿಸಬಹುದಾದ ನೇರಪ್ರವಾಹದ ಆಕರ, ಒಂದಷ್ಟು ರೋಧಕಗಳು ಇವುಗಳಿಂದ ಪುಟ್ಟ ಬೀದಿಯೊಂದನ್ನು ಮೇಜಿನ ಮೇಲೆಯೇ ನಿರ್ಮಿಸಬಹುದು. ಯಂತ್ರಗಳ ಪಟ್ಟಿಯಿಂದಲ್ಲ, ಉತ್ತರಿಸಬೇಕಾದ ಪ್ರಶ್ನೆಗಳ ಪಟ್ಟಿಯಿಂದ ಯೋಜನೆ ಮೊದಲಾಗುವುದು ವಿಹಿತ.

ಪ್ರತಿರೂಪವು ಊಹೆಯ ಊರಿನದಾಗಬಾರದು. ಮೈಸೂರಿಗೆ ಈ ವಿಷಯದಲ್ಲಿ ವಿಶೇಷವಾದ ಅನುಕೂಲವಿದೆ. ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮವು 2010ರ ದಶಕದಲ್ಲಿ ದೇಶದ ಪ್ರಾಯೋಗಿಕ ಸ್ಮಾರ್ಟ್ ಗ್ರಿಡ್ ಯೋಜನೆಗಳಲ್ಲೊಂದನ್ನು ವಿ.ವಿ. ಮೊಹಲ್ಲಾ ಪ್ರದೇಶದಲ್ಲಿ, 20,000ಕ್ಕೂ ಹೆಚ್ಚು ಗ್ರಾಹಕರನ್ನು ಒಳಗೊಂಡಂತೆ, ಕೈಗೊಂಡಿತು. ಮನೆಗಳ ಗುರುತು ಹೊರಬೀಳದಂತೆ ಇಂಥ ಅಳತೆಗಳು ದೊರೆತರೆ ವಿದ್ಯಾರ್ಥಿಯು ತನ್ನ ಊರಿನ ಬೀದಿಯನ್ನೇ ಅಭ್ಯಸಿಸಬಹುದು.

ಪ್ರಯೋಗಶಾಲೆಯಿದ್ದ ಮಾತ್ರಕ್ಕೆ, ಕೆಲಸಕ್ಕೆ ಮೊದಲು ತಂತಿಯನ್ನು ಪರೀಕ್ಷಿಸಿ ಭೂಸಂಪರ್ಕಗೊಳಿಸುವ ಹಳೆಯ ನಿಯಮ ಸಡಿಲವಾಗದು. ಆದರೆ ಆ ನಿಯಮವೇಕೆ ಎಂಬುದನ್ನು ಕಣ್ಣಾರೆ ಕಂಡ ವಿದ್ಯಾರ್ಥಿ ಮುಂದೆ ಅಭಿಯಂತರನಾದಾಗ ಅದನ್ನು ಮರೆಯಲಾರನು. ಇಲ್ಲಿ ಆಗುವ ತಪ್ಪಿಗೆ ಒಂದು ಫ್ಯೂಸು ಹೋಗಬಹುದು. ಬೀದಿಯಲ್ಲಿ ಆಗುವ ತಪ್ಪಿಗೆ ಒಂದು ಕುಟುಂಬದ ಆಧಾರವೇ ಹೋಗುತ್ತದೆ. ಪ್ರಯೋಗಶಾಲೆಗೆ ವ್ಯಯವಾಗುವ ಹಣದ ಸಾರ್ಥಕತೆಯನ್ನು ಈ ತಕ್ಕಡಿಯಲ್ಲಿಯೇ ತೂಗಬೇಕು.