ಬ್ರಹ್ಮರಂಧ್ರ: ಪದದ ಅರ್ಥ ಮತ್ತು ಪ್ರಯೋಗ

ವಚನಗಳನ್ನು ಓದುವವರಿಗೆ ‘ಬ್ರಹ್ಮರಂಧ್ರ’ ಎಂಬ ಪದವು ಅಪರಿಚಿತವಲ್ಲ. ಆದರೆ ಅದು ಶರೀರದ ಯಾವ ಸ್ಥಾನವನ್ನು ಹೇಳುತ್ತದೆಂದು ಕೇಳಿದರೆ ಹಲವರು ಹಸುಗೂಸಿನ ನೆತ್ತಿಯ ಮೆತ್ತನೆಯ ಭಾಗವನ್ನು ತೋರಿಸುತ್ತಾರೆ. ಈ ಉತ್ತರದಲ್ಲಿ ಸ್ವಲ್ಪ ಸತ್ಯವುಂಟು. ದೊಡ್ಡ ತೊಡಕೂ ಉಂಟು.

ಮೊದಲು ಎಲುಬಿನ ವಿಚಾರ. ಶಿಶುವಿನ ತಲೆಯಲ್ಲಿ ಹಣೆಯ ಎಲುಬಿನ ಎರಡು ಭಾಗಗಳೂ ಇಕ್ಕೆಲದ ಎರಡು ಎಲುಬುಗಳೂ ಸೇರುವ ಎಡೆಯಲ್ಲಿ ನಾಲ್ಕು ಮೂಲೆಯ ಒಂದು ತೆರಪಿರುತ್ತದೆ. ಗಟ್ಟಿಯಾದ ಪೊರೆಯೊಂದು ಅದನ್ನು ಮುಚ್ಚಿರುತ್ತದೆ. ಪ್ರಸವಕಾಲದಲ್ಲಿ ತಲೆಯ ಎಲುಬುಗಳು ಸರಿದು ದಾರಿ ಮಾಡಿಕೊಳ್ಳುವುದಕ್ಕೂ, ಆಮೇಲೆ ಮೆದುಳು ಬೆಳೆಯುವುದಕ್ಕೂ ಇದು ಅವಕಾಶ. ಹಿಂದಲೆಯ ಚಿಕ್ಕ ತೆರಪು 2–3 ತಿಂಗಳೊಳಗೆ ಮುಚ್ಚುತ್ತದೆ. ನೆತ್ತಿಯದು ಸಾಮಾನ್ಯವಾಗಿ ಒಂದರಿಂದ ಎರಡು ವರ್ಷದೊಳಗೆ ಕೂಡಿಕೊಳ್ಳುತ್ತದೆ.

ಸಿರುಗುಪ್ಪೆಯ ಸಮೀಪದ ತೆಕ್ಕಲಕೋಟೆಯ ಬೆಟ್ಟಗಳಲ್ಲಿ 1963–64ರಲ್ಲಿ ಡಾ. ಎಂ. ಎಸ್. ನಾಗರಾಜರಾವ್ ಅವರು ಉತ್ಖನನ ನಡೆಸಿದಾಗ, ನವಶಿಲಾಯುಗದ ಜನರ ವಸತಿಯ ನೆಲೆಗಳೊಡನೆ ಅವರ ಅಸ್ಥಿಗಳೂ ದೊರೆತವು. ಆ ಅಸ್ಥಿಗಳನ್ನು ಕೆ. ಸಿ. ಮಲ್ಹೋತ್ರ ಅವರು ಪರಿಶೀಲಿಸಿದರು; ಇಬ್ಬರ ಗ್ರಂಥವು 1965ರಲ್ಲಿ ಪುಣೆಯಿಂದ ಹೊರಬಂದಿತು. ಇಂಥ ಅಸ್ಥಿಗಳನ್ನು ಅಭ್ಯಸಿಸುವವರು, ತಲೆಬುರುಡೆಯ ಸಂದುಗಳು ಎಷ್ಟು ಬೆಸೆದುಕೊಂಡಿವೆಯೆಂಬುದನ್ನು ನೋಡಿ ಸತ್ತವನ ವಯಸ್ಸನ್ನು ಅಂದಾಜು ಮಾಡುವುದುಂಟು. ಬೆಳೆದವನ ಬುರುಡೆಯಲ್ಲಿ ಕೂಸಿನ ನೆತ್ತಿಯ ಆ ತೆರಪು ಉಳಿದಿರುವುದಿಲ್ಲ. ಹೊಲಿಗೆಯಂಥ ಗೆರೆ ಮಾತ್ರ ಕಾಣುತ್ತದೆ.

ಈ ಗೆರೆಗಳಿಗೆ ನಮ್ಮ ಪ್ರಾಚೀನ ವೈದ್ಯದಲ್ಲಿ ಬೇರೆಯೇ ಹೆಸರಿದೆ. ಸುಶ್ರುತಸಂಹಿತೆಯ ಶಾರೀರಸ್ಥಾನವು 107 ಮರ್ಮಗಳನ್ನು ಎಣಿಸುವಾಗ ತಲೆಯ ಐದು ಸಂಧಿಗಳನ್ನು ‘ಸೀಮಂತ’ವೆಂದು ಕರೆಯುತ್ತದೆ. ಕನ್ನಡನಾಡಿನ ಮನೆಗಳಲ್ಲಿ ಸೀಮಂತವೆಂದರೆ ಬಸುರಿಗೆ ಮಾಡುವ ಶುಭಕಾರ್ಯ. ಸಂಸ್ಕೃತದಲ್ಲಿ ಅದರ ಮೂಲಾರ್ಥ ಬೈತಲೆ. ಕೂದಲನ್ನು ಎರಡಾಗಿಸುವ ಗೆರೆಯ ಹೆಸರೇ ಎಲುಬು ಕೂಡುವ ಗೆರೆಗೂ ಸಂದಿತು.

ಹಾಗಾದರೆ ಬ್ರಹ್ಮರಂಧ್ರವೆಂದರೇನು? ಅದು ಯೋಗಶಾಸ್ತ್ರದ ಪದ. ಸುಷುಮ್ನೆಯ ಮೇಲ್ತುದಿಯ ನೆಲೆ. ವೀರಶೈವ ಶಾಸ್ತ್ರವು ಆಧಾರದಿಂದ ಆಜ್ಞೆಯವರೆಗಿನ ಆರು ಚಕ್ರಗಳ ಮೇಲೆ ಬ್ರಹ್ಮರಂಧ್ರ, ಶಿಖೆ, ಪಶ್ಚಿಮ ಎಂಬ ಮೂರನ್ನು ಹೇಳಿ, ಅಲ್ಲಿ ಕ್ರಮವಾಗಿ ನಿಷ್ಕಲ, ಶೂನ್ಯ, ನಿರಂಜನ ಲಿಂಗಗಳನ್ನು ನೆಲೆಗೊಳಿಸುತ್ತದೆ. ಇವು ಧ್ಯಾನದ ಸ್ಥಾನಗಳು; ಕತ್ತಿಯಿಂದ ಬಗೆದು ಕಾಣುವಂಥವಲ್ಲ.

ದೀಕ್ಷಾಕ್ರಮವನ್ನು ವಿಚಾರಿಸಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ಗುರುವು ಶಿಷ್ಯನ ಮಸ್ತಕದ ಮೇಲೆ ಹಸ್ತವನ್ನಿಟ್ಟು, ಅಲ್ಲಿಯ ಚಿತ್ಕಳೆಯನ್ನು ಇಷ್ಟಲಿಂಗವಾಗಿಸಿ ಕರಸ್ಥಲಕ್ಕೆ ತಂದುಕೊಡುತ್ತಾನೆಂಬುದು ಸಿದ್ಧಾಂತ. ದೀಕ್ಷೆ ಪಡೆಯುವವನು ಎಂಟು ವರ್ಷದ ಬಾಲಕನಾಗಲಿ, ಎಂಬತ್ತರ ವೃದ್ಧನಾಗಲಿ, ಮಾತು ಒಂದೇ. ನೆತ್ತಿ ಕೂಡಿದ ಮೇಲೂ ಸಲ್ಲುವ ಮಾತು ಎಲುಬಿನ ತೆರಪನ್ನು ಕುರಿತದ್ದಾಗಲಾರದು. ತಲೆಯೊಳಗೆ ಹುಡುಕಬೇಕಾದುದನ್ನು ಅಂಗೈಯಲ್ಲಿ ಕಾಣುವಂತೆ ಮಾಡಿದುದೇ ಈ ಮಾರ್ಗದ ವಿಶೇಷ.

ಈ ವಿವೇಚನೆ ಕೇವಲ ಶಬ್ದಪಾಂಡಿತ್ಯಕ್ಕಲ್ಲ. ನೆತ್ತಿಯನ್ನು ಜೀವದ ಬಾಗಿಲೆಂದೇ ಬಗೆದವರು, ವಾಂತಿಭೇದಿಯಾದ ಕೂಸಿನ ನೆತ್ತಿ ಕುಳಿಬಿದ್ದಾಗ ಅಲ್ಲಿಗೇ ಎಣ್ಣೆಯೊತ್ತಿ, ಪಟ್ಟುಹಾಕಿ ಕಾಲ ಕಳೆಯುವ ಅಪಾಯವಿದೆ. ಕುಳಿಬಿದ್ದ ನೆತ್ತಿಯು ದೇಹದಲ್ಲಿ ನೀರು ಬತ್ತಿದುದರ ಕುರುಹು. ಅಂಥ ಕೂಸಿಗೆ ತಾಯಿಯ ಹಾಲನ್ನು ನಿಲ್ಲಿಸದೆ, ಓ.ಆರ್.ಎಸ್. ದ್ರಾವಣವನ್ನು ಸ್ವಲ್ಪಸ್ವಲ್ಪವಾಗಿ ಕುಡಿಸುತ್ತ, ತಡಮಾಡದೆ ವೈದ್ಯರಲ್ಲಿಗೆ ಒಯ್ಯಬೇಕು. ಜ್ವರದೊಡನೆ ನೆತ್ತಿ ಉಬ್ಬಿ ಬಿಗಿದಿದ್ದರೂ ಹಾಗೆಯೇ ಒಡನೆ ತೋರಿಸಬೇಕು. ಸುಮ್ಮನೆ ಮಲಗಿದ ಕೂಸಿನ ನೆತ್ತಿ ನಾಡಿಯೊಡನೆ ಮಿಡಿಯುವುದು ಮಾತ್ರ ಸಹಜ, ಅದಕ್ಕೆ ಅಂಜಬೇಕಾಗಿಲ್ಲ.

ಚೆನ್ನಬಸವಣ್ಣನವರು ಕರಣಹಸಿಗೆಯಲ್ಲಿ ದೇಹತತ್ತ್ವಗಳನ್ನು ಒಂದೊಂದಾಗಿ ವಿಂಗಡಿಸಿ ಹೇಳಿದರು. ಆ ವಿಂಗಡಣೆಯ ಶಿಸ್ತು ಪದಗಳ ಬಳಕೆಯಲ್ಲಿಯೂ ಇರಬೇಕು. ನೆತ್ತಿಯು ತಾಯಿಯ ಆರೈಕೆಗೆ, ಸೀಮಂತವು ವೈದ್ಯನ ಅರಿವಿಗೆ, ಬ್ರಹ್ಮರಂಧ್ರವು ಸಾಧಕನ ಧ್ಯಾನಕ್ಕೆ. ಒಂದರ ಮಾತನ್ನು ಇನ್ನೊಂದಕ್ಕೆ ಹಚ್ಚಿದರೆ ವಚನದ ಅರ್ಥವೂ ಕೆಡುತ್ತದೆ, ಕೂಸಿನ ಪ್ರಾಣಕ್ಕೂ ಕುತ್ತಾಗುತ್ತದೆ.