ಪಂಪಿನ ತಂತಿಯ ಲೆಕ್ಕ

ಬಾವಿಗೆ ವಿದ್ಯುತ್ ಪಂಪನ್ನು ಹಾಕಿಸುವ ರೈತರು ಮೋಟಾರಿನ ಅಶ್ವಶಕ್ತಿಯನ್ನೂ ಬೆಲೆಯನ್ನೂ ನಾಲ್ಕು ಕಡೆ ವಿಚಾರಿಸುವರು. ಮೀಟರಿನಿಂದ ಬಾವಿಯವರೆಗೆ ಎಳೆಯುವ ತಂತಿಯ ದಪ್ಪವನ್ನು ವಿಚಾರಿಸುವವರು ವಿರಳ. ತಂತಿಯು ಸಣ್ಣದಾದಲ್ಲಿ ನೀರು ಕಡಮೆಯಾಗುವುದು, ಮೋಟಾರು ಕಾಯುವುದು, ಕಡೆಗೆ ಅದರ ಸುರುಳಿಯೇ ಸುಟ್ಟುಹೋಗುವುದು. ಪೈರು ತೆನೆಗಟ್ಟುವ ಸಮಯದಲ್ಲಿ ಹೀಗಾದರೆ, ಸುರುಳಿಯನ್ನು ಕಟ್ಟಿಸಿ ತರುವಷ್ಟರಲ್ಲಿ ಬೆಳೆ ಕೈಬಿಟ್ಟಿರುವುದು. ಈ ನಷ್ಟವನ್ನು ಮುಂಚಿತವಾಗಿ ಕಂಡುಕೊಳ್ಳಲು ಗುಣಾಕಾರ ಭಾಗಾಕಾರಗಳು ತಿಳಿದಿದ್ದರೆ ಸಾಕು.

ಮೂರು ಅಳತೆಗಳು

ಕಾಲುವೆಯ ನೀರಿನ ಉಪಮಾನದಿಂದ ಈ ವಿಷಯವು ಸುಲಭವಾಗಿ ತಿಳಿಯುವುದು. ಕೆರೆಯ ನೀರಿನ ಮಟ್ಟ ಎತ್ತರವಾಗಿದ್ದಷ್ಟೂ ತೂಬಿನಲ್ಲಿ ನೀರು ರಭಸದಿಂದ ಬರುವುದು. ವಿದ್ಯುತ್ತಿನಲ್ಲಿ ಈ ರಭಸಕ್ಕೆ ಕಾರಣವಾದುದೇ ಒತ್ತಡ. ಇದರ ಅಳತೆ ವೋಲ್ಟ್. ಹರಿಯುವ ನೀರಿನ ಪ್ರಮಾಣದಂತೆ ತಂತಿಯಲ್ಲಿ ಹರಿಯುವುದು ಪ್ರವಾಹ; ಇದರ ಅಳತೆ ಆಂಪಿಯರ್. ಕಾಲುವೆ ಕಿರಿದಾಗಿ ಉದ್ದವಾಗಿದ್ದರೆ ನೀರಿಗೆ ಅಡ್ಡಿಯುಂಟಾಗುವಂತೆ ತಂತಿಯೂ ಪ್ರವಾಹವನ್ನು ತಡೆಯುವುದು. ಈ ತಡೆಗೆ ರೋಧವೆಂದು ಹೆಸರು, ಅಳತೆ ಓಮ್. ಜರ್ಮನಿಯ ವಿದ್ವಾಂಸರಾದ ಓಮ್ ಎಂಬವರು 1827ರಲ್ಲಿ ಈ ಮೂರರ ಸಂಬಂಧವನ್ನು ಪ್ರಕಟಿಸಿದರು. ಒತ್ತಡವನ್ನು ಪ್ರವಾಹದಿಂದ ಭಾಗಿಸಿದರೆ ರೋಧ ದೊರೆಯುವುದು. ಪ್ರವಾಹವನ್ನು ರೋಧದಿಂದ ಗುಣಿಸಿದರೆ ಒತ್ತಡ ದೊರೆಯುವುದು.

ಒತ್ತಡವನ್ನು ಪ್ರವಾಹದಿಂದ ಗುಣಿಸಿದರೆ ಬರುವುದು ಶಕ್ತಿ. ಇದರ ಅಳತೆ ವಾಟ್. 746 ವಾಟ್ ಒಂದು ಅಶ್ವಶಕ್ತಿಗೆ ಸಮ. ಸಾವಿರ ವಾಟಿನಂತೆ ಒಂದು ಗಂಟೆ ನಡೆದರೆ ಮೀಟರಿನಲ್ಲಿ ಒಂದು ಯೂನಿಟ್ ಏರುವುದು.

ಉದಾಹರಣೆಗೆ, ನೀರು ಕಾಯಿಸುವ ಒಂದು ಸಲಾಕೆಯು 230 ವೋಲ್ಟ್ ಒತ್ತಡದಲ್ಲಿ 5 ಆಂಪಿಯರ್ ಪ್ರವಾಹವನ್ನು ಎಳೆಯುವುದೆಂದು ಇಟ್ಟುಕೊಳ್ಳಬಹುದು. 230ನ್ನು 5ರಿಂದ ಭಾಗಿಸಿದರೆ ರೋಧ 46 ಓಮ್. ಗುಣಿಸಿದರೆ ಶಕ್ತಿ 1,150 ವಾಟ್. ಒತ್ತಡವು 184 ವೋಲ್ಟಿಗೆ ಇಳಿದರೆ ಪ್ರವಾಹ 4 ಆಂಪಿಯರ್, ಶಕ್ತಿ 736 ವಾಟ್. ಒತ್ತಡ ಇಳಿದುದು ನೂರಕ್ಕೆ 20; ಶಕ್ತಿ ಕುಂದಿದುದು ನೂರಕ್ಕೆ 36.

ತಂತಿಯಲ್ಲಿ ಸೋರುವ ಒತ್ತಡ

ತಂತಿಯು ಉದ್ದವಾದಷ್ಟೂ ರೋಧ ಹೆಚ್ಚು, ದಪ್ಪವಾದಷ್ಟೂ ಕಡಮೆ. ಅಂಗಡಿಯಲ್ಲಿ ತಂತಿಯ ದಪ್ಪವನ್ನು ಚದರ ಮಿಲಿಮೀಟರಿನಲ್ಲಿ ಹೇಳುವರು. ಒಂದು ಚದರ ಮಿಲಿಮೀಟರ್ ದಪ್ಪದ ತಾಮ್ರದ ತಂತಿಗೆ ಮೀಟರ್ ಒಂದಕ್ಕೆ ಸುಮಾರು 0.0175 ಓಮ್ ರೋಧವಿರುವುದು. ಅಲ್ಯೂಮಿನಿಯಮ್ಮಿಗೆ ಸುಮಾರು 0.028. ಈ ಸಂಖ್ಯೆಯನ್ನು ಉದ್ದದಿಂದ ಗುಣಿಸಿ ದಪ್ಪದಿಂದ ಭಾಗಿಸಬೇಕು. ಪ್ರವಾಹವು ಒಂದು ತಂತಿಯಲ್ಲಿ ಹೋಗಿ ಇನ್ನೊಂದರಲ್ಲಿ ಮರಳುವುದರಿಂದ ಎರಡರ ಉದ್ದವನ್ನೂ ಹಿಡಿಯಬೇಕೆಂಬುದನ್ನು ಮರೆಯಲಾಗದು.

ಬಾವಿಯು ಮೀಟರಿನಿಂದ 200 ಮೀಟರ್ ದೂರದಲ್ಲಿದ್ದು, ಒಂದು ಫೇಸಿನ ಮೋಟಾರು 10 ಆಂಪಿಯರ್ ಎಳೆಯುವುದಾದರೆ ತಂತಿಯ ಉದ್ದ 400 ಮೀಟರ್ ಆಯಿತು. ತಾಮ್ರದ ತಂತಿಯ ಲೆಕ್ಕವು ಹೀಗಾಗುವುದು:

2.5 ಚದರ ಮಿಲಿಮೀಟರ್ ತಂತಿ: ರೋಧ 2.8 ಓಮ್, ಒತ್ತಡದ ನಷ್ಟ 28 ವೋಲ್ಟ್, ಶಕ್ತಿಯ ನಷ್ಟ 280 ವಾಟ್.

10 ಚದರ ಮಿಲಿಮೀಟರ್ ತಂತಿ: ರೋಧ 0.7 ಓಮ್, ಒತ್ತಡದ ನಷ್ಟ 7 ವೋಲ್ಟ್, ಶಕ್ತಿಯ ನಷ್ಟ 70 ವಾಟ್.

ಮೊದಲನೆಯ ತಂತಿಯಲ್ಲಿ ಮೀಟರಿನ ಬಳಿ 230 ವೋಲ್ಟ್ ಇದ್ದರೂ ಮೋಟಾರಿಗೆ ದೊರೆಯುವುದು ಸುಮಾರು 202 ಮಾತ್ರ; ಅಶ್ವಶಕ್ತಿಯ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಶಕ್ತಿಯು ದಾರಿಯಲ್ಲಿಯೇ ಕಾವಾಗಿ ಹೋಗುವುದು. ದಿನಕ್ಕೆ 6 ಗಂಟೆ ಪಂಪು ನಡೆದರೆ ಒಂದೂಮುಕ್ಕಾಲು ಯೂನಿಟ್ಟಿಗೆ ಸಮೀಪವಾದ ನಷ್ಟವಿದು. ಬಿಲ್ಲನ್ನು ಯಾರೇ ತೆರಲಿ, ಒಂದು ತೊಟ್ಟು ನೀರನ್ನೂ ಎತ್ತದೆ ಹೋದ ಶಕ್ತಿಯು ವ್ಯರ್ಥವೇ ಸರಿ. ತಂತಿಯ ನಷ್ಟವು ನೂರಕ್ಕೆ 5ನ್ನು, ಅಂದರೆ 230ಕ್ಕೆ 11.5 ವೋಲ್ಟನ್ನು ಮೀರದಂತೆ ನೋಡಿಕೊಳ್ಳುವುದು ಉತ್ತಮ.

ಪ್ರವಾಹವನ್ನು ತಗ್ಗಿಸಿದರೆ ನಷ್ಟವೂ ತಗ್ಗುವುದು. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತನ್ನು ಸಾಗಿಸಿದಾಗ ಅತಿ ಹೆಚ್ಚಿನ ಒತ್ತಡವನ್ನು ಬಳಸಿದುದು ಇದೇ ಕಾರಣದಿಂದ: ಒತ್ತಡ ಹೆಚ್ಚಿದರೆ ಅದೇ ಶಕ್ತಿಗೆ ಅಲ್ಪ ಪ್ರವಾಹವೇ ಸಾಕಾಗುವುದು.

ಮೋಟಾರಿನ ವಿಶೇಷ

ಸಲಾಕೆಯ ಲೆಕ್ಕವನ್ನು ಮೋಟಾರಿಗೆ ಹಾಗೆಯೇ ಅನ್ವಯಿಸಲಾಗದು. ಮೋಟಾರಿನಲ್ಲಿ ಒತ್ತಡ ಪ್ರವಾಹಗಳ ಗುಣಲಬ್ಧವನ್ನು ಅದರ ಫಲಕದಲ್ಲಿ ಬರೆದಿರುವ ಪವರ್ ಫ್ಯಾಕ್ಟರಿನಿಂದಲೂ ಗುಣಿಸಬೇಕು. ಇದು 0.8 ಆಗಿದ್ದರೆ 230 ವೋಲ್ಟ್, 10 ಆಂಪಿಯರಿಗೆ ಶಕ್ತಿ 1,840 ವಾಟ್. ಮೂರು ಫೇಸಿನ ಮೋಟಾರಿಗೆ ಫೇಸುಗಳ ನಡುವಿನ ಒತ್ತಡವನ್ನು ಹಿಡಿದು, ಬಂದ ಮೊತ್ತವನ್ನು 1.73ರಿಂದ ಗುಣಿಸಬೇಕು.

ಇನ್ನೊಂದು ಭೇದವು ಅಪಾಯಕರವಾದುದು. ಒತ್ತಡ ಕುಂದಿದರೆ ಸಲಾಕೆಯು ಕಡಮೆ ಪ್ರವಾಹವನ್ನು ಎಳೆಯುವುದು. ನೀರಿನ ಭಾರವನ್ನು ಹೊತ್ತ ಮೋಟಾರಾದರೋ ಸಾಮಾನ್ಯವಾಗಿ ಹೆಚ್ಚು ಪ್ರವಾಹವನ್ನು ಎಳೆಯುವುದು. ಸುರುಳಿಯ ಕಾವು ಪ್ರವಾಹದ ವರ್ಗದಂತೆ ಏರುವುದು. 10 ಆಂಪಿಯರ್ 12 ಆದರೆ ಕಾವು 100ಕ್ಕೆ 144 ಆಗುವುದು. ಮೋಟಾರು ಹೊರಡುವಾಗ ಪ್ರವಾಹವು ಹಲವು ಪಾಲು ಹೆಚ್ಚುವುದರಿಂದ ಸಣ್ಣ ತಂತಿಯಲ್ಲಿ ಒತ್ತಡವು ತೀರ ಕುಸಿದು, ಮೋಟಾರು ತಿರುಗದೆ ಗುಂಯ್‌ಗುಡುವುದೂ ಉಂಟು. ಆಗ ತತ್‌ಕ್ಷಣ ಸ್ವಿಚ್ಚನ್ನು ಆರಿಸತಕ್ಕದ್ದು.

ಆಚರಣೆಗೆ ತರತಕ್ಕ ಅಂಶಗಳು

1. ತಂತಿಯನ್ನು ಕೊಳ್ಳುವ ಮೊದಲು ಮೀಟರಿನಿಂದ ಮೋಟಾರಿನವರೆಗಿನ ದೂರವನ್ನು ಅಳೆಯಬೇಕು. ಕೊಳವೆ ಬಾವಿಯೊಳಗೆ ಇಳಿದ ತಂತಿಯ ಉದ್ದವನ್ನೂ ಸೇರಿಸಬೇಕು.

2. ಮೋಟಾರಿನ ಫಲಕದಲ್ಲಿರುವ ವೋಲ್ಟ್, ಆಂಪಿಯರುಗಳನ್ನು ಬರೆದಿಟ್ಟು ಮೇಲಿನಂತೆ ಲೆಕ್ಕಮಾಡಬೇಕು.

3. ಪಂಪು ನಡೆಯುತ್ತಿರುವಾಗ ಮೀಟರಿನ ಬಳಿಯಲ್ಲೂ ಮೋಟಾರಿನ ಬಳಿಯಲ್ಲೂ ಒತ್ತಡವನ್ನು ಪರವಾನಗಿ ಪಡೆದ ಕೆಲಸಗಾರರಿಂದಲೇ ಅಳೆಯಿಸಬೇಕು. ಮೀಟರಿನ ಬಳಿಯಲ್ಲೇ ಒತ್ತಡ ಕಡಮೆಯಿದ್ದರೆ ದೋಷವು ರೈತನ ತಂತಿಯದಲ್ಲ. ಆಗ ಗ್ರಾಮದ ಮುಖಂಡರು ಅಳತೆಯ ಅಂಕಿಗಳೊಡನೆ ವಿದ್ಯುತ್ ಕಚೇರಿಗೆ ಬರೆದುಕೊಳ್ಳಬಹುದು.

4. ಫ್ಯೂಸಿನಲ್ಲಿ ದಪ್ಪ ತಂತಿಯನ್ನು ಸುತ್ತಿ ಮೋಟಾರನ್ನು ನಡೆಸುವುದು ಸರ್ವಥಾ ಕೂಡದು. ಫ್ಯೂಸು ಸುಡುವುದು ಮೋಟಾರನ್ನು ಉಳಿಸುವುದಕ್ಕಾಗಿಯೇ.

ದಪ್ಪ ತಂತಿಯ ಬೆಲೆಯನ್ನು ತೆರುವುದು ಒಮ್ಮೆ. ಸಣ್ಣ ತಂತಿಯ ನಷ್ಟವನ್ನು ತೆರುವುದು ಪಂಪು ನಡೆದಷ್ಟು ದಿನವೂ.